ಮಾರ್ಚ್ 31 ಮತ್ತು ಕಕ್ಕಡದ ಮಳೆ

ಕೊಡಗಿನ ವಿರಾಜಪೇಟೆ ಕಡೆಯ ಒಂದು ಹಾಡಿಗೆ (ಆದಿವಾಸಿಗಳ ವಸತಿಗೆ) ಶೌಚಾಲಯ ಬೇಕೆಂದು ನಮ್ಮ ಟ್ರಸ್ಟ್ ಬೆಂಗಳೂರಿನ ಕಂಪನಿಯೊಂದರ ಫೌಂಡೇಶನ್‌ಗೆ ಅರ್ಜಿ ಹಾಕಿದ್ದು ಜೂನ್‌ನಲ್ಲಿ. ಫೋನ್ ಬಂದದ್ದು ಡಿಸೆಂಬರ್ ಕೊನೆಗೆ. ‘ಮಂಜೂರಾಗಿದೆ ಸರ್, ಮಾರ್ಚ್ 31ರೊಳಗೆ ಖರ್ಚಾಗಬೇಕು.’

ಆತುರಕ್ಕೆ ಕಾರಣ ಕಾನೂನು. 2013ರ ಕಂಪನಿ ಕಾಯ್ದೆಯ 135ನೇ ಕಲಂ ಪ್ರಕಾರ 5 ಕೋಟಿ ರೂಪಾಯಿ ಅಥವಾ ಹೆಚ್ಚು ಲಾಭ ಮಾಡಿದ ಕಂಪನಿ ಹಿಂದಿನ 3 ವರ್ಷಗಳ ಸರಾಸರಿ ಲಾಭದ 2%ರಷ್ಟನ್ನು ಸಿಎಸ್‌ಆರ್‌ಗೆ, ಅಂದರೆ ಸಾಮಾಜಿಕ ಹೊಣೆಯ ಕೆಲಸಗಳಿಗೆ, ಕೊಡಬೇಕು. ಖರ್ಚಾಗದೆ ಉಳಿದದ್ದು ಸರ್ಕಾರ ಹೇಳಿದ ನಿಧಿಗೆ ಹೋಗುತ್ತದೆ.

ಆದರೆ ಜನವರಿ ಅಂದರೆ ನಮ್ಮಲ್ಲಿ ಕಾಫಿ ಕೊಯ್ಲು. ಬೆಳಗಾಗುತ್ತಲೇ ಹಾಡಿಯವರೆಲ್ಲ ತೋಟದ ಜೀಪು ಹತ್ತಿರುತ್ತಾರೆ. ಸಭೆಗೆ ಯಾರೂ ಸಿಗಲಿಲ್ಲ. ಕುಶಾಲನಗರದಿಂದ ಗಾರೆಯವರನ್ನು ಕರೆತಂದು 14 ಶೌಚಾಲಯ ಕಟ್ಟಿಸಿ, ಮಾರ್ಚ್ 29ಕ್ಕೆ ಫೋಟೊ, ಬಿಲ್ಲು, ಹಣ ಬಳಕೆ ಪ್ರಮಾಣಪತ್ರ ಎಲ್ಲ ಕಳಿಸಿದೆ.

ಕಕ್ಕಡದ, ಅಂದರೆ ಜುಲೈ–ಆಗಸ್ಟ್ ತಿಂಗಳ, ಜಡಿಮಳೆಗೆ ಒರತೆ ಎದ್ದು ಗುಂಡಿಗಳೆಲ್ಲ ತುಂಬಿಕೊಂಡವು. ‘ಕೇಳಿದ್ದರೆ ಹೇಳ್ತಿದ್ದೆವಲ್ಲ ಸಾರ್, ಇಲ್ಲಿ ನೀರು ಏಳುತ್ತೆ ಅಂತ’ ಎಂದರು ಒಬ್ಬ ಅಜ್ಜಿ. ಈಗ ಅವುಗಳಲ್ಲಿ ಸೌದೆ ಇದೆ. ಗೋಡೆಯ ಲೋಗೊ ಮಾತ್ರ ಇನ್ನೂ ಮಾಸಿಲ್ಲ. ಕಂಪನಿಯವರನ್ನೊಬ್ಬರನ್ನೇ ಬೈಯಲಾರೆ, ‘ಈ ವರ್ಷ ಬೇಡ’ ಅನ್ನುವ ಧೈರ್ಯ ನನಗೂ ಇರಲಿಲ್ಲ.

ಮುಂದಿನ ಸಲ ಇನ್ನೊಂದು ಕಂಪನಿಗೆ ಬರೆಯುವಾಗ ‘ಆನ್‌ಗೋಯಿಂಗ್ ಪ್ರಾಜೆಕ್ಟ್’, ಅಂದರೆ ಒಂದಕ್ಕಿಂತ ಹೆಚ್ಚು ವರ್ಷ ನಡೆಯುವ ಯೋಜನೆ, ಎಂದೇ ಕೇಳಿದೆ. 2021ರಿಂದ ಜಾರಿಯಲ್ಲಿರುವ ನಿಯಮದಂತೆ ಇಂಥ ಯೋಜನೆಯಲ್ಲಿ ಉಳಿದ ಹಣವನ್ನು ಏಪ್ರಿಲ್ 30ರೊಳಗೆ ಪ್ರತ್ಯೇಕ ಬ್ಯಾಂಕ್ ಖಾತೆಗೆ ಹಾಕಿಟ್ಟು, ಮುಂದಿನ 3 ಹಣಕಾಸು ವರ್ಷಗಳಲ್ಲಿ ಬಳಸಬಹುದು. ಅವರ ಲೆಕ್ಕದ ವಿಭಾಗ ಒಪ್ಪಲು ಎರಡು ತಿಂಗಳು ಹಿಡಿಯಿತು. ‘ಆಡಳಿತ ವೆಚ್ಚ 5% ಮಾತ್ರ’ ಎಂಬ ಇನ್ನೊಂದು ಜಗ್ಗಾಟ ಬೇರೆ. ಆ ಮಿತಿ ಕಂಪನಿಯ ಸ್ವಂತ ಸಿಎಸ್‌ಆರ್ ಆಡಳಿತಕ್ಕೆ. ದಿನಾ ಹಾಡಿಗೆ ನಡೆದು ಹೋಗುವ ನಮ್ಮ ಕಾರ್ಯಕರ್ತೆಯ ಸಂಬಳ ಯೋಜನೆಯದೇ ಖರ್ಚು. ನಿಯಮದ ಪ್ರತಿ ಮುಂದಿಟ್ಟ ಮೇಲೆ ಸುಮ್ಮನಾದರು.

ಮೊದಲ ವರ್ಷ ಏನೂ ಕಟ್ಟಲಿಲ್ಲ. ಜುಲೈನಲ್ಲಿ ಮನೆಮನೆಯ ಹಿತ್ತಲಲ್ಲಿ ಕುಳಿ ತೋಡಿ, ನೀರು ಎಷ್ಟು ಆಳಕ್ಕೆ ಸಿಗುತ್ತದೆಂದು ಹಾಡಿಯವರೇ ಕೋಲಿಟ್ಟು ಅಳೆದರು. ಎರಡನೇ ವರ್ಷ, ಮಳೆ ನಿಂತು ಕೊಯ್ಲು ಶುರುವಾಗುವ ನಡುವಿನ ಅಕ್ಟೋಬರ್–ನವೆಂಬರ್‌ನಲ್ಲಿ ಕೆಲಸ ಹಿಡಿದೆವು. ಗುಂಡಿಯ ಸಿಮೆಂಟ್ ರಿಂಗ್‌ಗಳನ್ನು ನೆಲದಿಂದ ಮೇಲಕ್ಕೆ ಎತ್ತರಿಸಿ, ಸುತ್ತ ಮಣ್ಣು ಏರಿಸಿದೆವು.

ಉದ್ಘಾಟನೆಯನ್ನು ಹಟ ಹಿಡಿದು ಮುಂದಿನ ಜುಲೈಗೆ ಇಟ್ಟೆ. ಬೆಂಗಳೂರಿನವರು ಜಿಗಣೆ ಕಿತ್ತುಕೊಳ್ಳುತ್ತಲೇ ಬಂದು, ಮುಚ್ಚಳ ಎತ್ತಿಸಿ, ಗುಂಡಿಯೊಳಗೆ ಟಾರ್ಚ್ ಬಿಟ್ಟು ನೋಡಿದರು.