ಮುಖಗಳನ್ನು ಎಣಿಸಿ ನಾನು ತಪ್ಪಿದ ಲೆಕ್ಕ

ಎರಡನೆಯ ಮಹಾಯುದ್ಧದ ಕಾಲದ ಅಮೆರಿಕದ ಪ್ರಚಾರಚಿತ್ರಗಳನ್ನು ತರಗತಿಯಲ್ಲಿ ಪಾಠ ಮಾಡಲು ತೊಡಗಿದಾಗ, ಯಾವ ಸಮುದಾಯಕ್ಕೆ ತೆರೆಯ ಮೇಲೆ ಎಷ್ಟು ಜಾಗ ಸಿಕ್ಕಿದೆ ಎಂದು ತಿಳಿಯಲು ನಾನು ಹಿಡಿದದ್ದು ಸುಲಭದ ದಾರಿ. ಶಾಟಿಗೊಂದು ಸಾಲಿನಂತೆ ಪಟ್ಟಿ ಮಾಡಿ, ಕಂಡ ಮುಖಗಳನ್ನು ಎಣಿಸುತ್ತಿದ್ದೆ.

ಈ ಲೆಕ್ಕ ಕೈಕೊಟ್ಟದ್ದು 1942ರ ‘ಜಪನೀಸ್ ರಿಲೊಕೇಶನ್’ ಎಂಬ ಸರ್ಕಾರಿ ಕಿರುಚಿತ್ರದಲ್ಲಿ. ಪೆಸಿಫಿಕ್ ಕರಾವಳಿಯಿಂದ ಸುಮಾರು 1,20,000 ಜಪಾನಿ ಮೂಲದವರನ್ನು ಎಬ್ಬಿಸಿ ಶಿಬಿರಗಳಿಗೆ ಸಾಗಿಸಿದ್ದನ್ನು ಸಮರ್ಥಿಸುವ ಆ ಚಿತ್ರದ ತುಂಬ ಅವರದೇ ಮುಖಗಳಿದ್ದುದರಿಂದ, ನನ್ನ ಪಟ್ಟಿಯಲ್ಲಿ ಅದಕ್ಕೆ ಒಳ್ಳೆಯ ಅಂಕವೇ ಬಂದಿತ್ತು. “ಸರ್, ಇವರಲ್ಲಿ ಒಬ್ಬರೂ ಮಾತಾಡೋದೇ ಇಲ್ಲವಲ್ಲ” ಎಂದು ಒಬ್ಬ ವಿದ್ಯಾರ್ಥಿನಿ ಹೇಳಿದಾಗ ನಾನು ಪೆಚ್ಚಾದೆ. ಅಲ್ಲಿ ಮಾತನಾಡುವವರು ಮಿಲ್ಟನ್ ಐಸೆನ್‌ಹೋವರ್. ಆ ಸ್ಥಳಾಂತರಕ್ಕಾಗಿ ರಚಿಸಿದ ಇಲಾಖೆಯ ಮೊದಲ ಮುಖ್ಯಸ್ಥರೂ ಅವರೇ.

ಅಂದಿನಿಂದ ಪಟ್ಟಿಗೆ ಮೂರು ಕಾಲಂ ಹಾಕಿದೆ: ಕಾಣುವವರು ಯಾರು, ಕೇಳುವ ದನಿ ಯಾರದು, ಬಿಟ್ಟುಹೋದದ್ದು ಏನು. ಚಿತ್ರವನ್ನು ಮೊದಲು ಸದ್ದಡಗಿಸಿ ನೋಡುತ್ತೇನೆ, ಆಮೇಲೆ ತೆರೆಗೆ ಬೆನ್ನುಹಾಕಿ ಕುಳಿತು ಬರೀ ಕೇಳುತ್ತೇನೆ.

ಈ ಕ್ರಮದ ನಿಜವಾದ ಪರೀಕ್ಷೆಯಾದದ್ದು ಅಮೆರಿಕದ ಕಪ್ಪು ಸೈನಿಕರನ್ನು ಕುರಿತ 1944ರ ಚಿತ್ರ ‘ದಿ ನೀಗ್ರೋ ಸೋಲ್ಜರ್’. ಹಾಲಿವುಡ್ ನಿರ್ದೇಶಕ ಫ್ರಾಂಕ್ ಕಾಪ್ರಾ ಅವರ ಸೇನಾ ಚಿತ್ರ ಘಟಕದಲ್ಲಿ ತಯಾರಾದ ಇದರ ನಿರ್ದೇಶನ ಸ್ಟುವರ್ಟ್ ಹೈಸ್ಲರ್ ಅವರದು. ಚಿತ್ರಕತೆ ಬರೆದ ಕಾರ್ಲ್ಟನ್ ಮಾಸ್ ಅವರೇ ಪಾದ್ರಿಯ ಪಾತ್ರವನ್ನೂ ಮಾಡಿದ್ದಾರೆ. ಸಿದ್ಧಪಡಿಸಿಕೊಂಡ ಪ್ರವಚನವನ್ನು ಬದಿಗಿಟ್ಟು ಪಾದ್ರಿ ಸಭೆಯಲ್ಲಿರುವ ಸೈನಿಕರ ಕಡೆ ತಿರುಗುತ್ತಾನೆ. ಮುಂದೆ ಒಬ್ಬ ತಾಯಿ ಎದ್ದುನಿಂತು ಸೇನೆಗೆ ಸೇರಿದ ಮಗನ ಕಾಗದ ಓದುತ್ತಾಳೆ, ತರಬೇತಿಯ ದೃಶ್ಯಗಳು ಆ ಓದಿನ ಜೊತೆಗೇ ಸಾಗುತ್ತವೆ. ಕಪ್ಪು ಜನ ತಮ್ಮತಮ್ಮೊಳಗೇ ಮಾತನಾಡುವ ಚರ್ಚನ್ನು ಚೌಕಟ್ಟಾಗಿ ಆರಿಸಿಕೊಂಡದ್ದು ಮಾಸ್ ಅವರ ಜಾಣತನವೆಂದು ನನ್ನ ಎಣಿಕೆ, ಏಕೆಂದರೆ ಬಿಳಿಯ ನಿರೂಪಕನೊಬ್ಬ ಬಂದು ಅವರ ಪರವಾಗಿ ಹೇಳುವ ಪ್ರಮೇಯವೇ ಅಲ್ಲಿ ಹುಟ್ಟುವುದಿಲ್ಲ. (ಕಪ್ಪು ಬಾಕ್ಸರ್ ಜೋ ಲೂಯಿಸ್ ಜರ್ಮನಿಯ ಬಾಕ್ಸರ್ ಷ್ಮೆಲಿಂಗ್‌ನನ್ನು ಕೆಡವುವ ದೃಶ್ಯಕ್ಕೆ ತರಗತಿ ಇಂದಿಗೂ ಚಪ್ಪಾಳೆ ತಟ್ಟುತ್ತದೆ, ಪ್ರಚಾರ ಹೇಗೆ ಕೆಲಸ ಮಾಡುತ್ತದೆಂದು ಆಮೇಲೆ ವಿವರಿಸುವ ಶ್ರಮ ನನಗೆ ಉಳಿಯುತ್ತದೆ.)

ಎರಡನೆಯ ಕಾಲಂ ಇಷ್ಟು ಸಮೃದ್ಧವಾಗಿರುವ ಈ ಚಿತ್ರದಲ್ಲಿ ಮೂರನೆಯದೂ ಅಷ್ಟೇ ಭಾರ. 1770ರಲ್ಲಿ ಬಾಸ್ಟನ್‌ನಲ್ಲಿ ಬ್ರಿಟಿಷ್ ಸೈನಿಕರ ಗುಂಡಿಗೆ ಬಲಿಯಾದ ಕಪ್ಪು ಮನುಷ್ಯ ಕ್ರಿಸ್ಪಸ್ ಅಟಕ್ಸ್ ಇದ್ದಾನೆ, ಆದರೆ ಗುಲಾಮಗಿರಿಯ ಚರಿತ್ರೆಯನ್ನು ಚಿತ್ರ ದಾಟಿಕೊಂಡು ಹೋಗುತ್ತದೆ. ಅದೇ ಸೈನಿಕರನ್ನು ಸೇನೆ ಬಣ್ಣ ನೋಡಿ ಪ್ರತ್ಯೇಕ ದಳಗಳಲ್ಲಿ ಇಟ್ಟಿತ್ತೆಂಬ ಮಾತೂ ಇಲ್ಲ; ಆ ಪದ್ಧತಿಯನ್ನು ಕೊನೆಗೊಳಿಸುವ ಅಧ್ಯಕ್ಷ ಟ್ರೂಮನ್ ಅವರ ಆದೇಶ ಬಂದದ್ದು 1948ರಲ್ಲಿ. ಹಾಲಿವುಡ್‌ನ ‘ಬಟಾನ್’ (1943) ಇದಕ್ಕೆ ತಿರುಗುಮುರುಗು: ಕೆನೆತ್ ಸ್ಪೆನ್ಸರ್ ನಟಿಸಿದ ಕಪ್ಪು ಸೈನಿಕ ಬಿಳಿಯರ ಪಕ್ಕದಲ್ಲೇ ಹೋರಾಡುತ್ತಾನೆ, ಅಂದರೆ ಸೇನೆಯಲ್ಲಿಲ್ಲದ ಸಮಾನತೆಯನ್ನು ಕತೆ ಒದಗಿಸುತ್ತದೆ.

ಮೂರನೆಯ ಕಾಲಂನಲ್ಲಿ ಬೇಕಾದ್ದನ್ನೆಲ್ಲ ಬರೆದು ಯಾವ ಚಿತ್ರದ ಮೇಲಾದರೂ ಆರೋಪ ಹೊರಿಸಬಹುದಾದ್ದರಿಂದ, ತೆರೆಯ ಮೇಲಿರುವ ವ್ಯಕ್ತಿ ತನ್ನ ದಿನಚರಿಯಲ್ಲಿ ತಪ್ಪದೆ ಎದುರಿಸಿದ್ದನ್ನು ಮಾತ್ರ ಅಲ್ಲಿ ಬರೆಯಲು ಬಿಡುತ್ತೇನೆ: ಯಾವ ದಳದಲ್ಲಿ ಸೇರಿಸಿದರು, ಎಲ್ಲಿ ಮಲಗಿಸಿದರು, ಯಾರ ಜೊತೆ ಊಟಕ್ಕೆ ಕೂರಿಸಿದರು.