ಅಮ್ಮನಿಗೆ ಮೆಡಿಕೇರ್ ತೆಗೆದುಕೊಳ್ಳುವ ಕ್ಲಿನಿಕ್ ಹುಡುಕಿದ್ದು

ಗ್ರೀನ್ ಕಾರ್ಡ್ ಮೇಲೆ ಅಮೆರಿಕಕ್ಕೆ ಬಂದ ಅಮ್ಮನಿಗೆ ಮೆಡಿಕೇರ್ (ಮುಖ್ಯವಾಗಿ 65 ದಾಟಿದವರಿಗೆ ಅಲ್ಲಿನ ಸರ್ಕಾರ ಕೊಡುವ ಆರೋಗ್ಯ ವಿಮೆ) ಸಿಕ್ಕಿದ್ದು ಇಲ್ಲಿ ಸತತ ಐದು ವರ್ಷ ತುಂಬಿದ ಮೇಲೆ. ಇಲ್ಲಿ ದುಡಿದ ಲೆಕ್ಕವಿಲ್ಲದ, 65 ದಾಟಿದವರಿಗೆ ನಿಯಮವೇ ಹಾಗಿದೆ. ಕೆಂಪು, ಬಿಳಿ, ನೀಲಿ ಬಣ್ಣದ ಕಾರ್ಡು ಅಂಚೆಯಲ್ಲಿ ಬಂದ ದಿನ ಅಮ್ಮ ಅದನ್ನು ದೇವರ ಮುಂದಿಟ್ಟು, "ಇನ್ನು ಧೈರ್ಯವಾಗಿ ಡಾಕ್ಟರ್ ಹತ್ರ ಹೋಗಬಹುದು, ಅಲ್ವೇನೋ?" ಅಂದಳು. ಹೌದಮ್ಮ ಅಂದೆ.

ಮನೆಗೆ ಹತ್ತಿರದ ಕ್ಲಿನಿಕ್ಕಿಗೆ ಫೋನ್ ಮಾಡಿ "ಮೆಡಿಕೇರ್ ತಗೋತೀರಾ?" ಎಂದು ಕೇಳಿದೆ. ತಗೋತೀವಿ ಅಂದರು. ಕೆಲಸಕ್ಕೆ ರಜೆ ಹಾಕಿ ಕರೆದುಕೊಂಡು ಹೋದರೆ, ಕೌಂಟರಿನಲ್ಲಿದ್ದವರು ಕಾರ್ಡು ತಿರುಗಿಸಿ ನೋಡಿ ವಾಪಸ್ ಕೊಟ್ಟರು. ಅವರು ತೆಗೆದುಕೊಳ್ಳುತ್ತಿದ್ದದ್ದು ಖಾಸಗಿ ಕಂಪನಿಗಳು ನಡೆಸುವ ಮೆಡಿಕೇರ್ ಅಡ್ವಾಂಟೇಜ್ ಪ್ಲಾನುಗಳನ್ನು ಮಾತ್ರ. ಅಮ್ಮನದು ನೇರ ಸರ್ಕಾರಿ, ಅಂದರೆ ಒರಿಜಿನಲ್ ಮೆಡಿಕೇರ್. ಎರಡನೇ ಕಡೆ ಒರಿಜಿನಲ್ ನಡೆಯುತ್ತಿತ್ತು, ಆದರೆ ಹೊಸ ಪೇಷೆಂಟುಗಳನ್ನು ಸೇರಿಸಿಕೊಳ್ಳುತ್ತಿರಲಿಲ್ಲ.

ಆಮೇಲೆ ಕೇಳುವ ರೀತಿಯನ್ನೇ ಬದಲಾಯಿಸಿದೆ. "ಒರಿಜಿನಲ್ ಮೆಡಿಕೇರ್ ಇರುವ ಹೊಸ ಪೇಷೆಂಟನ್ನು, ಇದೇ ವಿಳಾಸದಲ್ಲಿ, ಈ ಡಾಕ್ಟರ್ ನೋಡುತ್ತಾರಾ? ಅಸೈನ್‌ಮೆಂಟ್ ಒಪ್ಪುತ್ತಾರಾ?" ಕೊನೆಯ ಪ್ರಶ್ನೆಯನ್ನು ಯಾರೂ ಬಿಡಬೇಡಿ. ಅಸೈನ್‌ಮೆಂಟ್ ಒಪ್ಪಿದವರು ಮೆಡಿಕೇರ್ ನಿಗದಿ ಮಾಡಿದ ದರಕ್ಕಿಂತ ಹೆಚ್ಚು ಕೇಳುವಂತಿಲ್ಲ. ಒಪ್ಪದವರು ಶೇ. 15ರವರೆಗೆ ಹೆಚ್ಚುವರಿ ಹಾಕಬಹುದು. ಆಪ್ಟ್ ಔಟ್ ಮಾಡಿದವರ, ಅಂದರೆ ಮೆಡಿಕೇರ್‌ನಿಂದಲೇ ಹೊರಗುಳಿದ ಡಾಕ್ಟರುಗಳ ಬಳಿ ಹೋದರೆ, ತುರ್ತು ಚಿಕಿತ್ಸೆ ಬಿಟ್ಟು, ಪೂರ್ತಿ ಬಿಲ್ ನಮ್ಮದೇ.

ಕೊನೆಗೆ ಜಾಗ ಸಿಕ್ಕಿದ್ದು ಒಂದು ಕಮ್ಯುನಿಟಿ ಹೆಲ್ತ್ ಸೆಂಟರಿನಲ್ಲಿ. ಫೆಡರಲ್ ಅನುದಾನದಲ್ಲಿ ನಡೆಯುವ ಇಂಥ ಕೇಂದ್ರಗಳು, ಅನುದಾನ ಕೊಡುವ ಫೆಡರಲ್ ಆರೋಗ್ಯ ಸಂಸ್ಥೆ ಎಚ್‌ಆರ್‌ಎಸ್‌ಎ (HRSA) ಜಾಲತಾಣದಲ್ಲಿ ಜಿಪ್ ಕೋಡ್ ಹಾಕಿದರೆ ಸಿಗುತ್ತವೆ. ಮೆಡಿಕೇರ್, ಮೆಡಿಕೇಡ್ (ಕಡಿಮೆ ಆದಾಯದವರ ಸರ್ಕಾರಿ ವಿಮೆ) ಎರಡೂ ನಡೆಯುತ್ತವೆ, ಆದಾಯ ಕಡಿಮೆಯಿದ್ದರೆ ಶುಲ್ಕವೂ ಇಳಿಯುತ್ತದೆ. ಡಾಕ್ಟರ್ ಭೇಟಿಯಂಥ ಖರ್ಚು ನೋಡಿಕೊಳ್ಳುವ ಮೆಡಿಕೇರ್ ಪಾರ್ಟ್ ಬಿ ಪಾವತಿ ಶುರುವಾಗುವ ಮುಂಚೆ ನಾವು ಕಟ್ಟಬೇಕಾದ ಡಿಡಕ್ಟಿಬಲ್ (2025ರಲ್ಲಿ 257 ಡಾಲರ್) ಈ ಕೇಂದ್ರಗಳ ಸೇವೆಗೆ ಅನ್ವಯಿಸುವುದಿಲ್ಲ. ಇದು ಬಡವರ ಆಸ್ಪತ್ರೆ, ನಮಗಲ್ಲ ಎನ್ನುವ ಮಾತನ್ನು ನಮ್ಮವರ ಬಾಯಲ್ಲೇ ಕೇಳಿದ್ದೇನೆ. ಆ ಮಾತು ನಂಬಿ ನಾನೂ ಎರಡು ತಿಂಗಳು ಕಳೆದೆ, ಅದು ತಪ್ಪಾಯಿತು.

ಅಪಾಯಿಂಟ್‌ಮೆಂಟ್ ಕೊಡುವಾಗ ಅವರೇ ಕೇಳಿದರು, ಯಾವ ಭಾಷೆ? ಕನ್ನಡ ಅಂದೆ. ದುಭಾಷಿಯ ಸೇವೆ ಉಚಿತ. ನಾನೇ ಇದ್ದೀನಲ್ಲ ಅಂದುಕೊಂಡರೂ ಬೇಡ ಅನ್ನಲಿಲ್ಲ.

ಅಮ್ಮನಿಗೆ ಸಕ್ಕರೆ ಕಾಯಿಲೆ. "ಕಾಲು ಜೋಮು ಹಿಡಿಯುತ್ತೆ" ಎಂದು ಬಹಳ ದಿನದಿಂದ ಹೇಳುತ್ತಿದ್ದಳು. ಮುಂಚೆ ಒಮ್ಮೆ ಡಾಕ್ಟರೊಬ್ಬರಿಗೆ ನಾನು ಅದನ್ನು ಕಾಲುನೋವು ಎಂದೇ ಹೇಳಿದ್ದೆ, ನೋವಿನ ಮಾತ್ರೆ ಬರೆದುಕೊಟ್ಟಿದ್ದರು. ಈ ಸಲ ಸ್ಪೀಕರ್ ಫೋನಿನಲ್ಲಿ ದುಭಾಷಿಯಾಗಿದ್ದ ಹೆಣ್ಣುಮಗಳು, "ಅಮ್ಮಾ, ನೋವಾ, ಇಲ್ಲಾ ಸ್ಪರ್ಶ ಗೊತ್ತಾಗಲ್ವಾ?" ಎಂದು ಬಿಡಿಸಿ ಕೇಳಿದರು. "ಚಪ್ಪಲಿ ಕಳಚಿಕೊಂಡ್ರೂ ಗೊತ್ತಾಗಲ್ಲ ಕಣಮ್ಮ," ಅಂದಳು ಅಮ್ಮ. ಅದನ್ನು ನನಗೆ ಯಾವತ್ತೂ ಹೇಳಿರಲಿಲ್ಲ, ನಾನು ಕೇಳಿಯೂ ಇರಲಿಲ್ಲ.

ಡಾಕ್ಟರ್ ಅಮ್ಮನಿಗೆ ಕಣ್ಣು ಮುಚ್ಚಲು ಹೇಳಿ, ನೈಲಾನ್ ಎಳೆಯೊಂದನ್ನು ಪಾದದ ಒಂದೊಂದು ಕಡೆ ಬಾಗುವಷ್ಟು ಒತ್ತಿದರು. ಮುಟ್ಟಿದಾಗಲೆಲ್ಲ ಅಮ್ಮ "ಹ್ಞೂಂ" ಅನ್ನಬೇಕು. ಪಾದದ ನಡುವೆ ಹ್ಞೂಂ ಬಂತು. ಎಡಗಾಲಿನ ಹೆಬ್ಬೆರಳಿಗೆ ಎಳೆ ಬಾಗಿ ನಿಂತೇ ಇತ್ತು, ಅಮ್ಮ ಸುಮ್ಮನಿದ್ದಳು.

ಮನೆಯೊಳಗೂ ಬರಿಗಾಲಲ್ಲಿ ಓಡಾಡಬಾರದು, ರಾತ್ರಿ ಮಲಗುವ ಮುಂಚೆ ಪಾದ ನೋಡಿಕೊಳ್ಳಬೇಕು ಅಂದರು. ಮುಂದಿನ ಭೇಟಿಗೂ ಕನ್ನಡದ ದುಭಾಷಿ ಬೇಕೆಂದು ಕೌಂಟರಿನಲ್ಲಿ ಬರೆಸಿಯೇ ಹೊರಟೆವು.