ಹಿತ್ತಲ ಸೂಜಿಮೆಣಸು: ಬಿತ್ತುವುದರಿಂದ ಅಪ್ಪೆಹುಳಿವರೆಗೆ

ಮಲೆನಾಡಿನ ಎಷ್ಟೋ ಹಿತ್ತಲುಗಳಲ್ಲಿ ಸೂಜಿಮೆಣಸನ್ನು ಯಾರೂ ನೆಟ್ಟಿರುವುದಿಲ್ಲ. ಹಕ್ಕಿ ಹಣ್ಣು ತಿಂದು ಹಿಕ್ಕೆ ಹಾಕಿದಲ್ಲಿ ತಾನೇ ಹುಟ್ಟಿಕೊಳ್ಳುತ್ತದೆ. ಹಕ್ಕಿಗೆ ಖಾರ ತಾಗುವುದಿಲ್ಲ, ಬೀಜ ಅದರ ಹೊಟ್ಟೆಯಲ್ಲಿ ಹಾಳಾಗುವುದೂ ಇಲ್ಲ. ಜೀರಿಗೆಮೆಣಸು, ಗಾಂಧಾರಿ ಎಂದೂ ಕರೆಯುವ ಈ ಪುಟ್ಟ ಕಾಯಿಯಲ್ಲಿ ಖಾರದಷ್ಟೇ ಘಮವೂ ಇದೆ. ಒಣಗಿಸಿದರೆ ಆ ಘಮ ಹೋಗುತ್ತದೆ. ಅದಕ್ಕೇ ಮನೆಯಲ್ಲೊಂದು ಗಿಡ ಇರಲಿ ಎನ್ನುತ್ತೇನೆ.

ಬೀಜ: ಗಿಡದಲ್ಲೇ ಕೆಂಪಾದ ಹಣ್ಣನ್ನು ಹಿಚುಕಿ ಬೀಜ ತೆಗೆದು, ಬೂದಿಯಲ್ಲಿ ಹೊರಳಿಸಿ ನೆರಳಲ್ಲಿ ಒಣಗಿಸಿ. ಬಿತ್ತುವ ಹಿಂದಿನ ರಾತ್ರಿ ನೀರಲ್ಲಿ ನೆನೆಸಿಡಿ. ಕಾಲಿಂಚಿಗಿಂತ ಆಳ ಬೇಡ. ಮೊಳಕೆಗೆ 25ರಿಂದ 30 ಡಿಗ್ರಿ ಬಿಸುಪು ಬೇಕಾದ್ದರಿಂದ ಏಪ್ರಿಲ್-ಮೇ ಒಳ್ಳೆಯ ಸಮಯ. ಮೂರು ವಾರವಾದರೂ ಹಿಡಿದೀತು, ಮಣ್ಣು ಕೆದಕಿ ನೋಡಬೇಡಿ.

ನೆಡುವುದು: ಆರೇಳು ಎಲೆ ಬಂದ ಮೇಲೆ ನೀರು ನಿಲ್ಲದ ಜಾಗಕ್ಕೆ, ಇಲ್ಲವೇ 12 ಇಂಚಿನ ಕುಂಡಕ್ಕೆ ಬದಲಿಸಿ. ಕೆಂಪುಮಣ್ಣು, ಹಳೆಯ ಸೆಗಣಿ ಗೊಬ್ಬರ, ಸ್ವಲ್ಪ ಮರಳು ಸಾಕು. ಯೂರಿಯಾ ಹಾಕಿದರೆ ಎಲೆ ಸೊಕ್ಕುತ್ತದೆ, ಕಾಯಿ ಕಡಿಮೆಯಾಗುತ್ತದೆ. ತುದಿ ಎಲೆ ಮುರುಟುವುದೊಂದೇ ದೊಡ್ಡ ಕಾಟ. ಎಲೆ ಮೇಲ್ಮುಖವಾಗಿ ದೋಣಿಯಂತೆ ಮಡಚಿದರೆ ಥ್ರಿಪ್ಸ್ ಎಂಬ ರಸ ಹೀರುವ ಪುಟ್ಟ ಕೀಟದ ಕಾಟ, ಕೆಳಮುಖವಾದರೆ ನುಸಿಯ ಕಾಟ. ಲೀಟರ್ ನೀರಿಗೆ 5 ಮಿ.ಲೀ. ಬೇವಿನೆಣ್ಣೆ, ಚೂರು ಸೋಪು ಕದಡಿ, ಸಂಜೆ ಹೊತ್ತು ಎಲೆಯ ಅಡಿಭಾಗಕ್ಕೆ ಸಿಂಪಡಿಸಿ. ಮಳೆಗಾಲ ಕಳೆದ ಮೇಲೆ ರೆಂಬೆ ಸವರಿದರೆ ಗಿಡ ಕೆಲವು ವರ್ಷ ಕಾಯಿ ಕೊಡುತ್ತದೆ.

ಕೊಯ್ದ ಮೇಲೆ: ಖಾರವಿರುವುದು ಬೀಜದಲ್ಲಿ ಎಂದು ಬಹಳ ಜನ ನಂಬಿದ್ದಾರೆ. ನಿಜಕ್ಕೂ ಅದು ಬೀಜ ಅಂಟಿಕೊಂಡಿರುವ ಬಿಳಿ ತಿರುಳಿನಲ್ಲಿದೆ. ಖಾರದ ಮೂಲವಾದ ಕ್ಯಾಪ್ಸೈಸಿನ್ ನೀರಲ್ಲಿ ಕರಗದು, ಎಣ್ಣೆಯಲ್ಲಿ ಕರಗುತ್ತದೆ. ಆದ್ದರಿಂದ ಕೈ ಉರಿದರೆ ಮೊದಲು ಕೊಬ್ಬರಿ ಎಣ್ಣೆ ತಿಕ್ಕಿ, ಆಮೇಲೆ ಸೋಪು ಹಚ್ಚಿ ತೊಳೆಯಿರಿ. ಬಾಯಿ ಉರಿದರೆ ನೀರಿಗಿಂತ ಹಾಲು, ಮೊಸರು ವಾಸಿ. ಚಿಕ್ಕ ಮಕ್ಕಳಿರುವ ಮನೆಯಲ್ಲಿ ಕುಂಡ ಅವರ ಕೈಗೆ ಎಟುಕದಂತೆ ಇಡಲೇಬೇಕು.

ಅಪ್ಪೆಹುಳಿ: ಉತ್ತರ ಕನ್ನಡದ ಈ ತಿಳಿಸಾರಿನಲ್ಲಿ ಸೂಜಿಮೆಣಸು ತನ್ನ ಪೂರ್ತಿ ಗುಣ ತೋರಿಸುತ್ತದೆ. ಹುಳಿಯಾದ ಒಂದು ಮಾವಿನಕಾಯಿ ಬೇಯಿಸಿ ಕಿವುಚಿ, ನಾಲ್ಕು ಲೋಟ ನೀರು, ಉಪ್ಪು, ಚೂರು ಬೆಲ್ಲ ಸೇರಿಸಿ. ಸೌಟಿನಲ್ಲಿ ಕೊಬ್ಬರಿ ಎಣ್ಣೆ ಕಾಯಿಸಿ, ಸಾಸಿವೆ ಸಿಡಿದ ಮೇಲೆ ಇಂಗು, ನುರಿದ ಮೂರು ಸೂಜಿಮೆಣಸು ಹಾಕಿ. ಇಡಿಯಾಗಿ ಹಾಕಿದರೆ ಕಾಯಿ ಸಿಡಿದು ಕಣ್ಣಿಗೆ ಹಾರೀತು. ನುರಿದಿದ್ದರೆ ಖಾರ ಎಣ್ಣೆಗಿಳಿದು ಸಾರಿಗೆಲ್ಲ ಹರಡುತ್ತದೆ. ಘಾಟು ಏಳುವ ಮೊದಲೇ ಒಗ್ಗರಣೆಯನ್ನು ಸಾರಿಗೆ ಸುರಿಯಿರಿ, ಮತ್ತೆ ಕುದಿಸಬೇಡಿ. ಮೊದಲ ಸಲ ಮಾಡುವವರು ಒಂದೇ ಕಾಯಿ ಹಾಕಿ ರುಚಿ ನೋಡಿ.

ಹೆಚ್ಚಾದ ಕಾಯಿಗೆ: ತೊಳೆದು ಬಟ್ಟೆಯ ಮೇಲೆ ಹರಡಿ ಮೇಲಿನ ನೀರು ಪೂರ್ತಿ ಆರಿಸಿ, ತೊಟ್ಟು ತೆಗೆಯಿರಿ. ಗಾಜಿನ ಭರಣಿಗೆ ಒಂದು ಲೋಟ ಕಾಯಿ, ಕಾಲು ಲೋಟ ಕಲ್ಲುಪ್ಪು ಹಾಕಿ, ಮುಳುಗುವಷ್ಟು ನಿಂಬೆರಸ ಹಿಂಡಿ. ನೀರಿನ ಪಸೆ ತಾಗಿದರೆ ಬೂಷ್ಟು ಬರುತ್ತದೆ. ಎರಡು ವಾರದಲ್ಲಿ ಕಾಯಿ ಮೆದುವಾಗುತ್ತದೆ. ಮೊಸರನ್ನಕ್ಕೆ ಕಾಯಿಯೇ ಬೇಕೆಂದಿಲ್ಲ, ಭರಣಿಯ ರಸ ಅರ್ಧ ಚಮಚ ಸಾಕು.